ಎಣ್ಣೆಯಲ್ಲಿ ಕಂಡ ಮುಖ

ಮದುವೆ ಮನೆಯ ಫೋಟೋ ತೆಗೆಯುವುದೆಂದರೆ ನನಗೆ ಮೊದಲಿನಿಂದಲೂ ತಲೆನೋವು. ಬೀಗರಲ್ಲಿ ಯಾರು ಮುಂದೆ ಕೂಡಬೇಕು, ಯಾರು ಹಿಂದೆ ನಿಲ್ಲಬೇಕು ಎಂಬ ಜಗಳ ಮುಗಿಯುವಷ್ಟರಲ್ಲಿ ಬಿಸಿಲು ಇಳಿದುಹೋಗಿರುತ್ತದೆ. ಅದಕ್ಕಿಂತ ಹೆಣದ ಫೋಟೋ ವಾಸಿ ಎಂದು ಗೆಳೆಯರ ಮುಂದೆ ಚೇಷ್ಟೆ ಮಾಡುತ್ತಿದ್ದೆ. ಹೆಣ ಅಲುಗುವುದಿಲ್ಲ, ಕೆಮ್ಮುವುದಿಲ್ಲ, ಮೂಗು ದಪ್ಪ ಬಂದಿದೆ ಎಂದು ಮರುದಿನ ತಕರಾರು ತರುವುದಿಲ್ಲ. ವಿಜಾಪುರದ ಬಜಾರಿನಲ್ಲಿ ಸಣ್ಣ ಅಂಗಡಿ ಇಟ್ಟುಕೊಂಡು ಇಂಥ ದೊಡ್ಡ ಮಾತು ಆಡುತ್ತಿದ್ದವನು ನಾನು. ಯುದ್ಧ ಮುಗಿದ ಮರುವರ್ಷ ಸ್ಟೇಶನ್ನಿನಲ್ಲಿ ತೆಗೆದ ಒಂದು ಫೋಟೋ ನನ್ನ ಬಾಯಿ ಮುಚ್ಚಿಸಿತು.

ಒಂದು ದಿನ ಮಧ್ಯಾಹ್ನ ಬಬಲೇಶ್ವರದಿಂದ ಗಂಡ ಹೆಂಡತಿ ಅಂಗಡಿಗೆ ಬಂದರು. ಹಿರಿಯ ಜೀವಗಳು. ಆತನ ತಲೆಗೆ ಹೊಸ ರುಮಾಲು, ಮುಖದಲ್ಲಿ ಮದುವೆ ಗೊತ್ತು ಮಾಡಿ ಬಂದವರ ಕಳೆ. ಅವರ ಮೂರು ಗಂಡುಮಕ್ಕಳಲ್ಲಿ ಕಡೆಯವನು ದಂಡಿಗೆ ಸೇರಿ ಬರ್ಮಾಕ್ಕೆ ಹೋಗಿದ್ದ. ಅಲ್ಲಿ ಅವನ ಪತ್ತೆ ಇಲ್ಲವೆಂದು ಸರಕಾರದ ತಂತಿ ಬಂದಿತ್ತು. ಬಹಳ ದಿನ ಕಾದರು. ಆಮೇಲೆ ಬಂಧುಬಳಗದ ಮಾತಿಗೆ ಮಣಿದು ಅವನ ದಿವಸ ಮಾಡಿ, ಊರಿಗೆ ಊಟ ಹಾಕಿ, ಮನಸ್ಸು ಕಲ್ಲು ಮಾಡಿಕೊಂಡಿದ್ದರು. ಅವನ ಹೆಂಡತಿಯಾದ ಕಿರಿ ಸೊಸೆಯ ಬಳೆ ಒಡೆದಿತ್ತು. ಈಗ ನೋಡಿದರೆ ತಿಕೋಟಾದ ಸಂತೆಯಿಂದ ಸುದ್ದಿ ಬಂದಿದೆ, ಮಗ ಬರುವ ಮಂಗಳವಾರದ ಗಾಡಿಗೆ ಇಳಿಯುತ್ತಾನೆ ಎಂದು.

“ಕಡೀ ಮಗ ಬರತಾನಂತ್ರಿ, ಫೋಟೋ ಮಾಸ್ತರ್ರ,” ಎಂದರು ಹಿರಿಯರು. ಅದನ್ನೇ ಮತ್ತೆ ಮತ್ತೆ ಹೇಳಿದರು. ಆ ಮಾತನ್ನು ಬಾಯಲ್ಲಿ ಇಟ್ಟುಕೊಂಡು ಚಪ್ಪರಿಸುವ ಹಾಗಿತ್ತು.

ನಾನು ನನ್ನ ಬುದ್ಧಿ ಹೇಳಿದೆ. ಸ್ಟೇಶನ್ನಿನಲ್ಲಿ ನೂಕುನುಗ್ಗಲು, ಹೊಗೆ, ಧೂಳು. ಫೋಟೋ ಮೂಡುವ ಗಾಜಿನ ಪ್ಲೇಟುಗಳು ಯುದ್ಧ ಶುರುವಾದಂದಿನಿಂದ ಬೇಕೆಂದಾಗ ಸಿಗುತ್ತಿಲ್ಲ, ಒಂದು ಕೆಟ್ಟರೆ ಇನ್ನೊಂದಿಲ್ಲ. ಮಗ ಬರಲಿ, ಎಣ್ಣೆ ನೀರು ಹಾಕಿಕೊಳ್ಳಲಿ, ಎರಡು ದಿನ ಉಂಡು ಮಲಗಲಿ, ಆಮೇಲೆ ಇಲ್ಲಿಗೇ ಕರೆದು ತನ್ನಿ, ಪರದೆಯ ಮುಂದೆ ಕುರ್ಚಿಯಲ್ಲಿ ಕೂಡಿಸಿ ರಾಜನ ಹಾಗೆ ತೆಗೆದು ಕೊಡುತ್ತೇನೆ ಎಂದೆ. ಹಿರಿಯರು ತಲೆಯಾಡಿಸಿದರು. ತಾಯಿ ಒಪ್ಪಲಿಲ್ಲ. ಎದ್ದು ಬಂದು ನನ್ನ ಮೇಜಿನ ಅಂಚು ಹಿಡಿದು ನಿಂತರು.

“ಅಂವ ಹೋಗೂ ಮುಂದ ಒಂದ ಫೋಟೋ ತಗಸ್ರಿ ಅಂದೆ. ಯಾರೂ ಕೇಳಲಿಲ್ಲ, ತಮ್ಮಾ. ಈಗ ಕಣ್ಣ ಮುಚ್ಚಿದರ ಅವನ ಮಾರಿ ಬರೂದಿಲ್ಲ. ಹೆಗಲ ಬರತೈತಿ, ನಡಿಗಿ ಬರತೈತಿ. ಮಾರಿ ಬರೂದಿಲ್ಲ. ಹಡದಾಕಿ ನಾ, ಮಗನ ಮಾರಿ ಮರತೇನಿ.”

ಗಾಡಿ ಇಳಿದ ಕೂಡಲೇ, ಅವನು ಇನ್ನೆಲ್ಲಿಗೂ ಕಾಲು ತೆಗೆಯುವ ಮೊದಲೇ ಅವನ ಮುಖ ನನ್ನ ಕ್ಯಾಮೆರಾ ಪೆಟ್ಟಿಗೆಯಲ್ಲಿ ಸೇರಬೇಕು ಎಂದು ಆಕೆಯ ಹಟ. ನಾನು ಒಪ್ಪಿಕೊಂಡೆ. ಅವನು ಹೋಗುವಾಗ ಫೋಟೋ ಬೇಡವೆಂದು ತಡೆದಾಕೆ ಹಿರಿಯರ ಅಕ್ಕ ಎಂದು ಆಮೇಲೆ ತಿಳಿಯಿತು. ಫೋಟೋ ತೆಗೆಸಿದರೆ ಆಯುಷ್ಯ ಸವೆಯುತ್ತದೆ ಎಂಬುದು ಆ ಮುದುಕಿಯ ನಂಬಿಕೆ. ಆಕೆಯ ಮಾತು ನಿಜವಾಗಿದ್ದರೆ ನಾನು ತೆಗೆದ ಫೋಟೋಗಳಿಗೆ ವಿಜಾಪುರ ಇಷ್ಟೊತ್ತಿಗೆ ಖಾಲಿಯಾಗಬೇಕಿತ್ತು.

ಮಂಗಳವಾರ ಬೆಳಿಗ್ಗೆ ಮೂರುಕಾಲಿನ ನಿಲುವು, ಕ್ಯಾಮೆರಾ, ಕರೀ ಬಟ್ಟೆ ಎಲ್ಲ ಹೊತ್ತುಕೊಂಡು ಸ್ಟೇಶನ್ನಿಗೆ ಹೋದಾಗ ಅವರು ಆಗಲೇ ಬಂದು ಕೂತಿದ್ದರು. ರಾತ್ರಿಯೇ ಚಕ್ಕಡಿ ಹೂಡಿಕೊಂಡು ಹೊರಟಿದ್ದರಂತೆ. ಹಿರಿಯರು, ತಾಯಿ, ಸೊಸೆ, ಮತ್ತು ಆ ಮುದುಕಿ. ಹಿರಿಯ ಮಕ್ಕಳಿಬ್ಬರು ಊರಲ್ಲೇ ಉಳಿದಿದ್ದರು, ಮನೆಯ ಮುಂದೆ ಹಂದರ ಹಾಕಿಸುವುದಿತ್ತು, ಹೋಳಿಗೆಯ ಊಟಕ್ಕೆ ಹೇಳಿಯಾಗಿತ್ತು. ಸೊಸೆ ಕನಮಡಿಯ ಕಡೆಯ ಹುಡುಗಿ, ಇಪ್ಪತ್ತು ದಾಟಿತ್ತೋ ಇಲ್ಲವೋ. ಮೈಮೇಲೆ ಇಳಕಲ್ ಸೀರೆ, ಹಣೆಗೆ ಕುಂಕುಮ, ಕೈತುಂಬ ಹಸಿರು ಬಳೆ. ಬಳೆ ತೊಟ್ಟ ಕೈಗಳನ್ನು ಏನು ಮಾಡಬೇಕೋ ತಿಳಿಯದೆ ಸೆರಗಿನಲ್ಲಿ ಮುಚ್ಚುವಳು, ಮತ್ತೆ ತೆಗೆಯುವಳು. ಮುದುಕಿಯ ತೊಡೆಯ ಮೇಲೆ ಕಂಚಿನ ತಟ್ಟೆ, ಪಕ್ಕದಲ್ಲಿ ಎಣ್ಣೆಯ ಗಿಂಡಿ.

ಆ ಎಣ್ಣೆ ಯಾಕೆ ಎಂದು ಕೇಳಿದ್ದೇ ತಪ್ಪಾಯಿತು. ಮುದುಕಿ ನನ್ನನ್ನು ನಿನ್ನೆ ಹುಟ್ಟಿದವನ ಹಾಗೆ ನೋಡಿದಳು. ಕೆಟ್ಟ ನಕ್ಷತ್ರದಲ್ಲಿ ಹುಟ್ಟಿದ ಕೂಸನ್ನು ತಂದೆ ಮೊದಲು ನೇರವಾಗಿ ನೋಡುವುದಿಲ್ಲ, ತಟ್ಟೆಯ ಎಣ್ಣೆಯಲ್ಲಿ ಅದರ ನೆರಳು ನೋಡಿ ಆಮೇಲೆ ಮುಖ ನೋಡುತ್ತಾನೆ. ಇದು ನಮ್ಮ ಕಡೆ ಎಲ್ಲರಿಗೂ ಗೊತ್ತಿದ್ದದ್ದೇ. ದಿವಸ ಮಾಡಿಸಿಕೊಂಡವನೂ ಅಷ್ಟೇ ಎಂದಳು ಮುದುಕಿ. ಅವನು ಈಗ ಹೊಸದಾಗಿ ಹುಟ್ಟಿ ಬರುವವನು. ಹೆತ್ತವರು, ಕಟ್ಟಿಕೊಂಡಾಕೆ, ಈ ಮೂವರೂ ಅವನನ್ನು ಮೊದಲು ಎಣ್ಣೆಯಲ್ಲೇ ನೋಡಬೇಕು. ಅಲ್ಲಿಯವರೆಗೆ ತಲೆ ಎತ್ತಬಾರದು, ಅವನ ದನಿಯನ್ನೂ ಕೇಳಬಾರದು. ಇದೆಲ್ಲ ಯಾವ ಶಾಸ್ತ್ರದಲ್ಲಿದೆ ಎಂದು ಕೇಳುವ ಚಪಲ ನನಗೆ ಬಂತು. ಆದರೆ ಇದರಲ್ಲಿ ನನಗೂ ಲಾಭವಿತ್ತು. ಎಣ್ಣೆಯಲ್ಲಿ ಮುಖ ಕಾಣಬೇಕೆಂದರೆ ಎಲ್ಲರೂ ಅಲುಗದೆ ನಿಲ್ಲಬೇಕು. ಫೋಟೋಕ್ಕೂ ಬೇಕಾದದ್ದು ಅದೇ.

ನಿಲ್ಲುವ ಜಾಗ ಸುಣ್ಣದಲ್ಲಿ ಗೆರೆ ಎಳೆದು ಗೊತ್ತು ಮಾಡಿದೆ. ಅವರನ್ನು ನಿಲ್ಲಿಸಿ, ಕರೀ ಬಟ್ಟೆಯೊಳಗೆ ತಲೆ ತೂರಿಸಿ, ಕ್ಯಾಮೆರಾದ ಹಿಂಬದಿಯ ಗಾಜಿನ ಮೇಲೆ ನೋಡಿದೆ. ನಮ್ಮ ಕ್ಯಾಮೆರಾದ ಗಾಜಿನಲ್ಲಿ ಲೋಕವೆಲ್ಲ ತಲೆಕೆಳಗು. ಕೆಳಗೆ ಆಕಾಶ, ಮೇಲೆ ಕಾಲುಗಳು, ನಡುವೆ ತಟ್ಟೆ ಹಿಡಿದ ತಾಯಿ. ಹಿಂದೆ ಗೋಳಗುಮ್ಮಟ ಕೂಡ ತಲೆಕೆಳಗಾಗಿ ಜೋತುಬಿದ್ದಿತ್ತು. ಎಲ್ಲ ಸರಿಯಿದೆ ಎಂದೆ.

ಸೊಲ್ಲಾಪುರದ ಕಡೆಯಿಂದ ಗಾಡಿ ಬಂತು. ಖಾಕಿ ತೊಟ್ಟವರು ಬಹಳ ಮಂದಿ ಇಳಿದರು. ಯಾರನ್ನೋ ಯಾರೋ ಕೂಗಿದರು, ಯಾರೋ ಅತ್ತರು. ಮೂವರೂ ತಲೆ ತಗ್ಗಿಸಿಯೇ ನಿಂತಿದ್ದರು. ಮುದುಕಿಗೆ ಕಣ್ಣಲ್ಲಿ ಪೊರೆ, ಮಾರುದ್ದ ಆಚೆಗಿನದು ಬರೀ ಮಬ್ಬು. ಇನ್ನು ನೆಟ್ಟಗೆ ನೋಡುವವನು ನಾನೊಬ್ಬ. ನಾನೋ, ಆ ಮಗನನ್ನು ಎಂದೂ ಕಂಡವನಲ್ಲ.

ಗುಂಪು ಕರಗಿದ ಮೇಲೆ ಒಬ್ಬ ಸಿಪಾಯಿ ತಗಡಿನ ಪೆಟ್ಟಿಗೆ ಹಿಡಿದುಕೊಂಡು ಅತ್ತ ಇತ್ತ ನೋಡುತ್ತ ನಿಂತ. ಬಡಕಲು ಶರೀರ, ಕುರುಚಲು ಗಡ್ಡ, ಜ್ವರ ಬಿದ್ದು ಎದ್ದವನ ಹಳದಿ ಮುಖ. ಬಬಲೇಶ್ವರದವರು ಯಾರು ಎಂದು ಕೇಳಿದ. ನಾನು ಕೈಯೆತ್ತಿದೆ. ಹತ್ತಿರ ಬಂದಾಗ ಪೆಟ್ಟಿಗೆಯ ಮೇಲೆ ಬಿಳೀ ಬಣ್ಣದಲ್ಲಿ ಬರೆದ ಹೆಸರು ಓದಿದೆ. ಹಿರಿಯರು ನನಗೆ ಹೇಳಿದ್ದ ಹೆಸರೇ, ಊರೂ ಅದೇ. ಬಂದ ನೋಡ್ರಿ ಎಂದೆ. ಅವನು ಏನೋ ಹೇಳಲು ಬಾಯಿ ತೆರೆಯುತ್ತಿದ್ದಂತೆ ಮುದುಕಿ ಅಂಗೈ ಅಡ್ಡ ಹಿಡಿದಳು.

“ಬಾಯಿ ಬಿಡಬ್ಯಾಡ. ಈ ತಟ್ಟಿ ಮುಂದ ಬಂದ ನಿಂದ್ರು, ಬಗ್ಗು.”

ಅವನು ತಬ್ಬಿಬ್ಬಾದ. ಆದರೂ ಹೇಳಿದಂತೆ ಮಾಡಿದ. ಕಣ್ಣಲ್ಲಿ ನೀರು ತುಂಬಿಕೊಂಡು, ಪೆಟ್ಟಿಗೆಯ ಹಿಡಿಕೆ ಬಿಡದೆ, ಎಣ್ಣೆಯ ಮೇಲೆ ಬಗ್ಗಿ ನಿಂತ. ನಾನು ಪ್ಲೇಟು ಹಾಕಿ ಕ್ಯಾಮೆರಾದ ಕಣ್ಣಿನ ಮುಚ್ಚಳ ತೆಗೆದೆ, ಮನಸ್ಸಿನಲ್ಲೇ ಎಣಿಸಿದೆ. ಆ ಎಣಿಕೆಯ ನಡುವೆ ತಾಯಿಯ ಮುಖ ಅರಳಿದ್ದನ್ನು ಕಂಡೆ. ನನ್ನ ಕಸುಬಿನಲ್ಲಿ ಜನರನ್ನು ನಗಿಸಲು ನಾನು ಪಟ್ಟ ಪಾಡು ದೇವರಿಗೇ ಗೊತ್ತು, ಅಂಥ ನಗೆ ಒಂದನ್ನೂ ಕಂಡಿರಲಿಲ್ಲ. ಮುಚ್ಚಳ ಹಾಕಿದೆ. ಆಯ್ತ್ರಿ ಎಂದೆ.

ತಾಯಿ ತಟ್ಟೆಯನ್ನು ಸೊಸೆಯ ಕೈಗಿತ್ತು ಅವನನ್ನು ತಬ್ಬಿಕೊಂಡರು. ಆಕೆಯ ತಲೆ ಅವನ ಎದೆಯ ಗುಂಡಿಗಳವರೆಗೆ ಬರುತ್ತಿತ್ತು. ಅಲ್ಲಿಯೇ ಮುಖ ಒತ್ತಿಕೊಂಡು ಯಪ್ಪಾ, ಯಪ್ಪಾ ಎನ್ನುತ್ತಿದ್ದರು. ಹಿರಿಯರು ಪಕ್ಕದಿಂದ ಬಂದು ಇಬ್ಬರನ್ನೂ ಸೇರಿಸಿ ಹಿಡಿದರು, ಅವರ ಕಣ್ಣು ಮಂಜಾಗಿ ಏನೂ ಕಾಣುತ್ತಿರಲಿಲ್ಲ. ಸಿಪಾಯಿ ಪೆಟ್ಟಿಗೆ ಕೆಳಗೆ ಬಿಟ್ಟು, ಎರಡೂ ಕೈ ಗಾಳಿಯಲ್ಲಿ ಹಿಡಿದು ನಿಂತಿದ್ದ, ಆಕೆಯನ್ನು ಮುಟ್ಟಬೇಕೋ ಬಾರದೋ ತಿಳಿಯದೆ.

“ಅವ್ವಾರ, ನಾ ನಿಮ್ಮ ಮಗನ ಕಡಿಯಾಂವ್ರಿ,” ಎಂದ.

“ಹೌದಪಾ,” ಎಂದರು ಹಿರಿಯರು, ಅಳುತ್ತ ನಗುತ್ತ. “ನೀನ ಕಡಿಯಾಂವ. ನಮ್ಮ ಕಡೀ ಮಗ.”

“ಕಡೀ ಮಗ ಅಲ್ರಿ ಯಪ್ಪಾ. ನಾ ಅವನ ಕಡಿಂದ ಬಂದಾಂವ. ಈ ಪೆಟಗಿ ಅವಂದರಿ.”

ಹಿರಿಯರು ತಲೆ ಎತ್ತಿ ಅವನನ್ನು ನೋಡಿದರು. ಆ ಮುಖ ನಾನು ಮರೆಯುವುದಿಲ್ಲ. ಅದರಲ್ಲಿ ದುಃಖ ಇನ್ನೂ ಬಂದಿರಲಿಲ್ಲ. ತನ್ನ ಮನೆಯ ಬಾಗಿಲು ತೆಗೆದು ಒಳಗೆ ಬೇರೆ ಯಾರದೋ ಸಂಸಾರ ಕಂಡವನ ಮುಖ ಅದು. ತಾಯಿ ಇನ್ನೂ ಬಿಟ್ಟಿರಲಿಲ್ಲ. ಆಕೆಗೆ ಕೇಳಿಸಿತೋ ಇಲ್ಲವೋ. ಹಿರಿಯರೇ ಆಕೆಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು.

ಅವನು ಗದಗದ ಕಡೆಯವನು. ಇಬ್ಬರೂ ಒಂದೇ ಪಲ್ಟನ್ನಿನಲ್ಲಿದ್ದರು. ಬರ್ಮಾದ ಕಾಡಿನಲ್ಲಿ ನಡೆದು ಬರುವಾಗ ಜ್ವರದಲ್ಲಿ ಇವರ ಮಗ ಇವನ ತೊಡೆಯ ಮೇಲೆಯೇ ಹೋದನಂತೆ. ಹಿಂದಿನ ಠಾಣ್ಯದಲ್ಲಿ ಬಿಟ್ಟು ಬಂದಿದ್ದ ಪೆಟ್ಟಿಗೆಯನ್ನು ಅವ್ವನಿಗೆ ಮುಟ್ಟಿಸು ಎಂದಿದ್ದನಂತೆ. ಆ ಪೆಟ್ಟಿಗೆಯ ಬೆನ್ನು ಹತ್ತಿ ಆಸ್ಪತ್ರೆ, ಡಿಪೋ ಎಂದು ಅಲೆದು, ಕೊನೆಗೆ ಪಡೆದುಕೊಂಡು ಬಂದಿದ್ದ. ಇವರಿಗೆ ಎಲ್ಲ ತಿಳಿದಿದೆ ಎಂದೇ ಅವನು ನಂಬಿದ್ದ. ಸತ್ತವನ ಸಾಮಾನು ತರುವವನನ್ನು ಈ ಸೀಮೆಯಲ್ಲಿ ಹೀಗೆ ಎಣ್ಣೆಯ ತಟ್ಟೆ ಹಿಡಿದು ಎದುರುಗೊಳ್ಳುವ ಪದ್ಧತಿ ಇರಬೇಕು ಎಂದುಕೊಂಡು, ಆ ಪದ್ಧತಿಗೆ ಮರ್ಯಾದೆ ಕೊಟ್ಟು, ಬಾಯಿ ಮುಚ್ಚಿಕೊಂಡು ಬಗ್ಗಿ ನಿಂತಿದ್ದ. ಇದನ್ನು ನನ್ನ ಹತ್ತಿರ ಹೇಳುವಾಗ ಅವನ ಹಲ್ಲು ಕಟಕಟ ಎನ್ನುತ್ತಿದ್ದವು.

ಅಳುವುದಕ್ಕೂ ಒಂದು ಕ್ರಮ ಇರುತ್ತದೆ. ಮಂದಿ ಬರುತ್ತಾರೆ, ಮಣ್ಣು ಮಾಡುತ್ತಾರೆ, ದಿನ ಎಣಿಸುತ್ತಾರೆ. ಇವರು ಅದನ್ನೆಲ್ಲ ಮುಗಿಸಿಯಾಗಿತ್ತು. ಎಲ್ಲದಕ್ಕೂ ಒಂದು ಶಾಸ್ತ್ರ ಹೇಳುತ್ತಿದ್ದ ಮುದುಕಿ, ಈಗ ಏನು ಮಾಡಬೇಕು ಎಂದು ಹಿರಿಯರು ಕೇಳಿದಾಗ, ನನಗ ಗೊತ್ತಿಲ್ಲೋ ಎಂದು ನೆಲಕ್ಕೆ ಕೂತಳು. ಸೊಸೆ ಮಾತ್ರ ಅಳಲಿಲ್ಲ. ಎಣ್ಣೆ ಚೆಲ್ಲದಂತೆ ತಟ್ಟೆಯನ್ನು ಕಲ್ಲಿನ ಮೇಲಿಟ್ಟಳು. ಹಸಿರು ಬಳೆಗಳನ್ನು ಒಡೆಯದೆ, ಒಂದೊಂದಾಗಿ ಕೈಯಿಂದ ಜಾರಿಸಿ ತೆಗೆದು ಸೆರಗಿನಲ್ಲಿ ಗಂಟು ಹಾಕಿಕೊಂಡಳು. ಯಾರೂ ಆಕೆಗೆ ಹಾಗೆ ಮಾಡು ಎಂದಿರಲಿಲ್ಲ. ನಾನು ಆ ಕಡೆ ನೋಡಲಾರದೆ ಕ್ಯಾಮೆರಾ ಬಿಚ್ಚತೊಡಗಿದೆ. ಸ್ವಲ್ಪ ಹೊತ್ತಿನಲ್ಲಿ ಚಕ್ಕಡಿ ಹೊರಟಿತು. ಸಿಪಾಯಿಯೂ ಪೆಟ್ಟಿಗೆ ತೊಡೆಯ ಮೇಲಿಟ್ಟುಕೊಂಡು ಅದರಲ್ಲೇ ಕೂತಿದ್ದ. ಹಂದರ ಹಾಕಿದ ಮನೆಗೆ ಆ ಚಕ್ಕಡಿ ಹೇಗೆ ಹೋಗಿ ಮುಟ್ಟಿತೋ, ನಾನು ಕೇಳಲಿಲ್ಲ.

ಅಂಗಡಿಗೆ ಬಂದವನೇ ಕೆಂಪು ದೀಪದ ಕೋಣೆ ಸೇರಿದೆ. ಪ್ಲೇಟನ್ನು ತೊಳೆಯದೆ ಎಸೆದುಬಿಡಬೇಕು ಎಂದುಕೊಂಡಿದ್ದೆ, ಕೈ ಕೇಳಲಿಲ್ಲ. ಔಷಧಿಯಲ್ಲಿ ಮುಖಗಳು ಒಂದೊಂದಾಗಿ ಎದ್ದವು. ಒಣಗಿದ ಮೇಲೆ ಬೆಳಕಿಗೆ ಹಿಡಿದು ನೋಡಿ ಎರಡನೆಯ ಸಲ ಬೆಚ್ಚಿಬಿದ್ದೆ. ತಾಯಿಯ, ತಂದೆಯ, ಸಿಪಾಯಿಯ ಮುಖಗಳು ಎಣ್ಣೆಯ ಕಡೆಗಿದ್ದವು. ಸೊಸೆ ಎಣ್ಣೆ ನೋಡುತ್ತಿರಲಿಲ್ಲ. ಬಗ್ಗಿಸಿದ ತಲೆಯಲ್ಲೇ ಕಣ್ಣು ಹೊರಳಿಸಿ ಪೆಟ್ಟಿಗೆಯ ಹಿಡಿಕೆಯನ್ನು ನೋಡುತ್ತಿದ್ದಳು. ಆ ಕಣ್ಣಲ್ಲಿ ಗಂಡ ಬಂದ ಸಂತೋಷ ಇರಲಿಲ್ಲ. ನಾನು ಮುಚ್ಚಳ ತೆಗೆದ ಹೊತ್ತಿಗೇ ಆ ಹುಡುಗಿಗೆ ಎಲ್ಲ ಗೊತ್ತಾಗಿತ್ತು. ಹೇಗೆ ಎಂಬುದು ಮಾತ್ರ ನನಗೆ ಬಗೆಹರಿಯಲಿಲ್ಲ.

ಆಶ್ಚರ್ಯ ಇಳಿದ ಮೇಲೆ ಸಿಟ್ಟು ಬಂತು. ನನ್ನ ಸಿಟ್ಟು ಒಳ್ಳೆಯದಲ್ಲ ಎಂದು ಮನೆಯವರೆಲ್ಲ ಹೇಳುತ್ತಾರೆ. ಎರಡು ದಿನ ಬಿಟ್ಟು ಇದ್ದಿಲು ಉರಿಸಿ ಓಡಿಸುವ ಆ ಕಾಲದ ಮೋಟಾರು ಹತ್ತಿ, ಮೈಯೆಲ್ಲ ಮಸಿ ಮಾಡಿಕೊಂಡು ತಿಕೋಟಾಕ್ಕೆ ಹೋದೆ. ಇಂಥ ಸುದ್ದಿ ಹಬ್ಬಿಸಿದವನ ಚಳಿ ಬಿಡಿಸಬೇಕೆಂದು. ಆ ಸುದ್ದಿ ತಂದವನು ಒಬ್ಬ ಅರಿವೆ ವ್ಯಾಪಾರಿ. ಸೊಲ್ಲಾಪುರಕ್ಕೆ ಮಾಲಿಗೆಂದು ಹೋದಾಗ ಸಿಪಾಯಿ ಸಿಕ್ಕು, ಬಬಲೇಶ್ವರದವರಿಗೆ ಮುಟ್ಟಿಸಿ ಎಂದು ಹೇಳಿದ್ದ. ಏನು ಹೇಳಿದೆ ನೀನು ಎಂದು ದಬಾಯಿಸಿದೆ. ಅವನು ಗಜಕೋಲು ಕೆಳಗಿಟ್ಟು ಗಾಬರಿಯಿಂದ ಹೇಳಿದ, ಮಗನ ಕಡಿಯಾಂವ ಮಂಗಳವಾರ ಬರತಾನ ಅಂತ ಹೇಳೇನ್ರಿ, ಒಂದು ಅಕ್ಷರ ಹೆಚ್ಚಿಲ್ಲ ಕಡಿಮೆಯಿಲ್ಲ. ಸಂತೆಯಲ್ಲಿ ಅದನ್ನು ಕೇಳಿದವನು ಬಬಲೇಶ್ವರದ ಬಳೆಗಾರ. ಹಾದಿಯಲ್ಲಿ ಅದು ಅವನ ಬಾಯಲ್ಲಿ ‘ಕಡೀ ಮಗ’ ಆಯಿತೋ, ಕೇಳಿದ ಮನೆಯವರ ಕಿವಿಯಲ್ಲಿ ಆಯಿತೋ ಯಾರು ಹೇಳಬೇಕು? ಪಕ್ಕಕ್ಕೂ ಕಡಿ ಎನ್ನುತ್ತೇವೆ, ಕೊನೆಗೂ ಕಡಿ ಎನ್ನುತ್ತೇವೆ. ಬೈಯಲು ಹೋದವನು ಅವನ ಅಂಗಡಿಯಲ್ಲಿ ಚಹಾ ಕುಡಿದು ತಿರುಗಿ ಬಂದೆ.

ಪ್ಲೇಟನ್ನು ಕಾಗದದಲ್ಲಿ ಸುತ್ತಿ ಗೋಡೆಯ ಗೂಡಿನ ಮೂಲೆಗೆ ತಳ್ಳಿದೆ. ಅದನ್ನು ಕೇಳಿಕೊಂಡು ಯಾರೂ ಬರುವುದಿಲ್ಲ ಎಂದೇ ಇದ್ದೆ.

ಜೋಳದ ರಾಶಿ ಮುಗಿದ ಮೇಲೆ ಅತ್ತೆ ಸೊಸೆ ಇಬ್ಬರೂ ಬಂದರು. ತಾಯಿ ಬಹಳ ಇಳಿದಿದ್ದರು. ಬಿಸಿಲಲ್ಲಿ ಬಂದ ಆಯಾಸಕ್ಕೆ ಹೊರಗೆ ಕಟ್ಟೆಯ ಮೇಲೆ ಕೂತು ನೀರು ಕುಡಿಯುತ್ತಿದ್ದರು. ಸೊಸೆ ಒಳಗೆ ಬಂದು, ಆ ಫೋಟೋ ಅತ್ತೆಗೆ ಬೇಕಂತೆ, ಕೊಡಿ ಎಂದಳು. ನಾನು ಪ್ಲೇಟು ತೆಗೆದು ಒಂದು ಪ್ರತಿ ಮಾಡಿ ತಂದೆ. ಆಕೆಯ ಕೈಗೆ ಕೊಡುವಾಗ, ತಡೆಯಲಾರದೆ, ಅವತ್ತು ನಿನಗೆ ಹೇಗೆ ತಿಳಿಯಿತವ್ವಾ ಎಂದು ಕೇಳಿಬಿಟ್ಟೆ.

“ನಮ್ಮವರ ಎಡಗೈಯಾಗ ಕಿರಿಬೆರಳ ಇದ್ದಿಲ್ರಿ. ದನಕ್ಕ ಕಣಿಕಿ ಕಡೀವಾಗ ಹೋಗಿತ್ತು,” ಎಂದಳು, ದನಿ ತಗ್ಗಿಸಿ. “ಪೆಟಗಿ ಹಿಡದದ್ದೂ ಎಡಗೈನ, ಅದರಾಗ ಐದೂ ಬೆರಳ ಇದ್ದೂರಿ.”

ಆಗಲೇ ಯಾಕೆ ಹೇಳಲಿಲ್ಲ ಎಂದು ಕೇಳುವ ಮೊದಲೇ ಆಕೆ ಫೋಟೋದಲ್ಲಿ ಅತ್ತೆಯ ಮುಖದ ಮೇಲೆ ಬೆರಳಿಟ್ಟಳು.

“ಅತ್ತಿಯಾರು ಹಿಂಗ ನಗಾಕತ್ತಿದ್ರು. ನಾ ಹೆಂಗ ಹೇಳ್ಲಿ?”

ಅಷ್ಟರಲ್ಲಿ ತಾಯಿ ಒಳಗೆ ಬಂದರು. ಫೋಟೋವನ್ನು ಬಾಗಿಲ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಸಿಪಾಯಿಯ ಭಾಗ ಬೇಡವಾದರೆ ಕತ್ತರಿಸಿ ಕೊಡುತ್ತೇನೆ ಎಂದೆ ನಾನು. ಪಾಪ, ಅವನ್ಯಾಕೆ ಕತ್ತರಿಸುವುದು, ಅವನೂ ಒಬ್ಬ ತಾಯಿಯ ಮಗನೇ ಎಂದರು. ಆಮೇಲೆ ತಟ್ಟೆಯ ಮೇಲೆ ಉಗುರಿಟ್ಟು, ಇದನ್ನು ಮಾತ್ರ ದೊಡ್ಡದು ಮಾಡಲು ಬರುತ್ತದೆಯೇ ಎಂದು ಕೇಳಿದರು. ತಟ್ಟೆಯನ್ನೇ? ನನಗೆ ತಿಳಿಯಲಿಲ್ಲ.

“ಆ ಹುಡುಗನ್ನ ನಾ ಆಮ್ಯಾಲೆ ನೋಡಿದ್ದು, ತಮ್ಮಾ. ಎಣ್ಣ್ಯಾಗ ನಾ ನೋಡಿದ್ದು ನನ್ನ ಮಗನ ಮಾರಿ. ಮರತ ಹೋಗಿತ್ತಲ್ಲ, ಅವತ್ತ ಎಣ್ಣ್ಯಾಗ ಬಂತು. ದೇವರಾಣಿ ಬಂತು. ನಿಮ್ಮ ಫೋಟೋದ ಪೆಟಗಿ ಅದನ್ನ ಹಿಡದಿರಬೇಕು.”

ಇದು ನನಗೆ ಮೂರನೆಯ ಆಘಾತ. ಭೂತಗಾಜು ಹಿಡಿದು ನೋಡಿದೆ. ಎಣ್ಣೆಯ ಮೇಲೆ ಆಕಾಶದ ಬೆಳಕು ಬಿದ್ದು ತಟ್ಟೆ ಬರೀ ಬೆಳ್ಳಗೆ ಹೊಡೆದಿತ್ತು. ಅದರಲ್ಲಿ ಸಿಪಾಯಿಯ ಮುಖವೂ ಇರಲಿಲ್ಲ, ಯಾರ ಮುಖವೂ ಇರಲಿಲ್ಲ. ಎಂದೂ ಯಾರ ಮುಲಾಜಿಗೂ ಬೀಳದೆ, ಬಂದದ್ದು ಬಂದಿದೆ ಬಾರದ್ದು ಬಂದಿಲ್ಲ ಎಂದು ಗಿರಾಕಿಗಳ ಮುಖದ ಮೇಲೆ ಹೇಳುವವನು ನಾನು. ಅವತ್ತು ಹೇಳಲಾಗಲಿಲ್ಲ. ಒಂದು ತಾಸು ಕೂಡ್ರಿ ಎಂದು ಹೇಳಿ ಕೋಣೆ ಸೇರಿ, ಆ ತಟ್ಟೆಯನ್ನು ಮುಖದಷ್ಟು ದೊಡ್ಡದು ಮಾಡಿದೆ. ಒಂದು ಬಿಳೀ ದುಂಡು, ಸುತ್ತ ಕಂಚಿನ ಕಪ್ಪು ಅಂಚು, ಅಂಚಿನಲ್ಲಿ ತಾಯಿಯ ಎರಡು ಹೆಬ್ಬೆರಳು. ಅಷ್ಟೇ. ಇನ್ನೂ ಹಸಿಯಾಗಿದ್ದದ್ದನ್ನು ಹೆದರುತ್ತಲೇ ತಂದು ಮೇಜಿನ ಮೇಲೆ ಹಾಸಿದೆ.

ತಾಯಿ ಬಗ್ಗಿದರು, ಅವತ್ತು ಸ್ಟೇಶನ್ನಿನಲ್ಲಿ ಬಗ್ಗಿದ ಹಾಗೆಯೇ. ಬಿಳಿಯ ಮೇಲೆ ಬೆರಳು ತಾಗಿಸದೆ ಸ್ವಲ್ಪ ಮೇಲಿನಿಂದಲೇ ಆಡಿಸುತ್ತ ನನಗೆ ತೋರಿಸಿದರು. ಇಲ್ಲಿ ಹಣೆ, ಅವರಪ್ಪನದೇ. ಇಲ್ಲಿ ಎಮ್ಮೆ ಇರಿದ ಗಾಯದ ಕಲೆ. ಇದು ಮೂಗು, ತುದಿಯಲ್ಲಿ ಚೂರು ಬಾಗಿದ್ದು. ಇಲ್ಲಿ ಮೀಸೆ, ಹೋಗುವಾಗ ಆಗತಾನೆ ಮೂಡುತ್ತಿತ್ತು. ಆಕೆ ತಡವರಿಸಲಿಲ್ಲ, ಒಂದನ್ನೂ ಎರಡು ಸಲ ಹೇಳಲಿಲ್ಲ. ನಾನು ಸೊಸೆಯ ಕಡೆ ನೋಡಿದೆ. ಆಕೆ ಅತ್ತೆಯ ಹೆಗಲ ಮೇಲಿಂದ ಆ ಬಿಳೀ ಕಾಗದವನ್ನೇ ನೋಡುತ್ತಿದ್ದಳು.

“ಹುಬ್ಬ ಕೂಡಿದ್ದೂ ನೋಡ್ರಿ, ಅತ್ತಿ,” ಎಂದಳು.

“ಹೂಂ, ಕೂಡಿದ್ದೂ,” ಎಂದರು ತಾಯಿ.

ಕಾಗದ ಒಣಗುವವರೆಗೆ ಇಬ್ಬರೂ ಹಾಗೆಯೇ ನಿಂತಿದ್ದರು. ನಾನು ಎಂದೂ ಕಾಣದ ಆ ಮನುಷ್ಯನ ಮುಖ ಅಂದಿನಿಂದ ನನಗೂ ಗೊತ್ತು.